ಪೆರೇಸಂದ್ರದಲ್ಲಿ ನನ್ನ ಉಪವಾಸ

ಪೆರೇಸಂದ್ರದಲ್ಲಿ ಬಸ್ಸಿಗೆ ಕಾಯುತ್ತಾ ಬರೆಯುತ್ತಿದ್ದೇನೆ. ಬೆರಳಲ್ಲಿ ಇನ್ನೂ ಒಗ್ಗರಣೆಯ ವಾಸನೆಯಿದೆ.

ಇಲ್ಲಿನ ಮಠದ ಅಡುಗೆಮನೆಯ ಬಾಗಿಲಲ್ಲಿ ಒಂದು ಕಪ್ಪು ಹಲಗೆ ಇದೆ. ಅದರ ಮೇಲೆ ಅಡುಗೆಯ ಸರದಿ ಬರೆದಿದ್ದಾರೆ. ಹಿರಿಯ ಸ್ವಾಮಿಗಳ ಹೆಸರೂ ಇದೆ. ಮೊದಲು ಒಂದೇ ಮನೆತನದವರು ಮಾತ್ರ ಒಲೆ ಮುಟ್ಟಬಹುದಿತ್ತಂತೆ. ಹೋದ ವರ್ಷ ಮಠದವರೆಲ್ಲ ಸಭೆ ಕೂತು, ಕೈ ಎತ್ತಿ, ಆ ಪದ್ಧತಿ ತೆಗೆದುಹಾಕಿದರು. ನಾನು ನಿವೃತ್ತ ಮೇಷ್ಟ್ರು, ಸಮಾನತೆಯ ಪಾಠ ಮಾಡಿದವನು. ಭೇಷ್ ಎಂದೆ.

ಭೇಷ್ ಎಂದ ಬಾಯಲ್ಲೇ ಕೇಳಿದೆ: “ಇವತ್ತು ಅಡುಗೆ ಮಾಡ್ತಿರೋ ಸ್ವಾಮಿಗಳು ಯಾವ ಕಡೆಯವರು?”

“ಇಲ್ಲೇ, ನಮ್ಮೂರ ದಲಿತ ಕಾಲೋನಿಯವರು,” ಎಂದರು ಹಿರಿಯ ಸ್ವಾಮಿಗಳು.

ಎಲೆ ಹಾಕುವಾಗ ನನ್ನ ನಾಲಿಗೆ ತಾನಾಗಿಯೇ ಹೊರಳಿತು: “ನನಗೆ ಊಟ ಬೇಡ. ಗುರುವಾರ ಉಪವಾಸ.” ಬೆಳಿಗ್ಗೆ ಚಿಕ್ಕಬಳ್ಳಾಪುರದಲ್ಲಿ ಎರಡು ಪ್ಲೇಟ್ ಇಡ್ಲಿ ತಿಂದಿದ್ದೆ.

ಅಡುಗೆಯ ಸ್ವಾಮಿಗಳು ಸರಸರನೆ ಒಳಗೆ ಹೋದರು. ಪಾತ್ರೆ ಉಜ್ಜುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಬಿಸಿ ಅವಲಕ್ಕಿ ತಂದು ನನ್ನ ಮುಂದಿಟ್ಟರು.

“ಈರುಳ್ಳಿ ಹಾಕಿಲ್ಲ ಮೇಷ್ಟ್ರೇ. ಒಲೆ ತೊಳ್ದು, ಬೇರೆ ಬಾಣಲೇಲೇ ಮಾಡಿದೀನಿ. ನಿಮ್ಮ ವ್ರತ ಕೆಡಬಾರ್ದಲ್ಲ.”

ಅವರ ಮುಖ ನೋಡಲಾಗದೆ ಒಂದು ಅಗುಳೂ ಬಿಡದೆ ತಿಂದೆ. ಕೈ ತೊಳೆದು ಹೊರಟಾಗ ಹಿರಿಯ ಸ್ವಾಮಿಗಳು ಬಾಗಿಲವರೆಗೂ ಬಂದರು.

“ನಾಳೆಯೂ ಬನ್ನಿ, ಅಡುಗೆ ಸರದಿ ನಂದು,” ಎಂದರು. “ನಾಳೆ ನಿಮಗೆ ಉಪವಾಸ ಇರಲ್ಲ, ಅಲ್ವಾ ಮೇಷ್ಟ್ರೇ?”