ಸಾರಿಸಿದ್ದೇ ತಪ್ಪಾಯಿತು

ಎರಡನೇ ಮಹಾಯುದ್ಧ ಮುಗಿದು ಒಂದು ವರ್ಷವಾಗಿತ್ತು. ನಮ್ಮ ಕಡೆ ಇನ್ನೂ ನಿಜಾಮರ ಆಳ್ವಿಕೆ. ಲಿಂಗಸುಗೂರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಯಜಮಾನರಿಗೆ ಸಿಂಧನೂರಿಗೆ ವರ್ಗವಾಯಿತು. ಅಲ್ಲಿ ಒಂದು ಮನೆ ಗೊತ್ತು ಮಾಡಿ ಬಂದಿದ್ದರು. ಅದರ ಮಾಲೀಕರದು ಒಂದೇ ಮಾತು: ಹತ್ತು ರೂಪಾಯಿ ಅಮಾನತ್, ಅಂದರೆ ಠೇವಣಿ, ಕೈಗೆ ಬಿದ್ದ ಮೇಲೇ ಕೀಲಿ. ನಮ್ಮ ಹತ್ತಿರ ಗಾಡಿ ಬಾಡಿಗೆ ಬಿಟ್ಟರೆ ಬೇರೆ ದುಡ್ಡಿರಲಿಲ್ಲ. ಲಿಂಗಸುಗೂರಿನ ಮನೆಗೆ ನಾವು ಇಟ್ಟಿದ್ದ ಅಮಾನತ್ತೂ ಹತ್ತೇ ರೂಪಾಯಿ. ಇಲ್ಲಿ ತೆಗೆದುಕೊಂಡು ಅಲ್ಲಿ ಕೊಡುವುದು ಎಂದುಕೊಂಡಿದ್ದೆವು. ಮಗಳು ಇನ್ನೂ ಕೈಗೂಸು. ಗೊತ್ತಿಲ್ಲದ ಊರಿನಲ್ಲಿ ಬೀದಿಯಲ್ಲಿ ನಿಲ್ಲುವ ಹಾಗಿರಲಿಲ್ಲ.

ನಮ್ಮ ಮನೆಯೊಡತಿ ಬೀಬಮ್ಮ, ಗಂಡ ತೀರಿಹೋಗಿದ್ದ ವಯಸ್ಸಾದ ಹೆಂಗಸು. ಮುಂದಿನ ಪಡಸಾಲೆಯಲ್ಲಿ ಅವರು, ಹಿಂದಿನ ಖೋಲಿಗಳಲ್ಲಿ ನಾವು. ಕಸಬರಿಗೆ ಅವರ ಕೈಬಿಟ್ಟು ಇಳಿಯುತ್ತಿರಲಿಲ್ಲ. ಯಾರಾದರೂ ಎದ್ದು ಹೋದರೆ ಸಾಕು, ಕೂತ ಜಾಗ ಗುಡಿಸುವರು. ಒಮ್ಮೆ ಯಜಮಾನರು ಪರವೂರಿಗೆ ಹೊರಟು ಬಾಗಿಲು ದಾಟಿದ್ದೇ ತಡ, ಅಂಗಳ ಗುಡಿಸತೊಡಗಿದರು. ನಾನು ಓಡಿಹೋಗಿ ತಡೆದೆ.

"ಮಂದಿ ಊರಿಗೆ ಹೋದ ಕೂಡ್ಲೇ ಕಸ ಹೊಡಿಬಾರದ್ರಿ ಬೀಬಮ್ಮ. ಹೆಣ ಹೋದ ಮ್ಯಾಲ ಹಂಗ ಮಾಡ್ತಾರ."

"ಕಸಕ್ಕೇನ್ ಗೊತ್ತವ್ವ, ಯಾರು ಹೋದ್ರು, ಯಾರು ಬಂದ್ರು ಅಂತ?" ಎಂದು ನಕ್ಕು, ಗುಡಿಸಿಯೇ ಬಿಟ್ಟರು. ಎರಡು ದಿನ ನಾನು ಮಾತು ಬಿಟ್ಟಿದ್ದೆ.

ನಾವು ಹೊರಡುವ ಮುನ್ನಾದಿನ ಬೀಬಮ್ಮ ಮಸ್ಕಿಗೆ ತಂಗಿಯನ್ನು ನೋಡಲು ಹೋದರು. ಬೆಳಗಿನ ಮೋಟಾರಿಗೆ ಬಂದು ಅಮಾನತ್ ಕೊಡುತ್ತೇನೆಂದು ಹೇಳಿ, ಪಡಸಾಲೆಯ ಕೀಲಿಯನ್ನು ನನ್ನ ಕೈಗೆ ಕೊಟ್ಟಿದ್ದರು. ಬಿಟ್ಟುಹೋಗುವ ಮನೆಯನ್ನು ಸಾರಿಸಿ ಹೋಗಬೇಕೆಂಬುದು ನನ್ನ ತವರಿನ ಪದ್ಧತಿ. ನಸುಕಿನಲ್ಲೇ ಎದ್ದು ನಮ್ಮ ಖೋಲಿಗಳನ್ನು ಸಗಣಿಯಿಂದ ಸಾರಿಸಿದೆ. ಬುಟ್ಟಿಯಲ್ಲಿ ಇನ್ನೂ ಸಗಣಿ ಉಳಿದಿತ್ತು. ಮುದುಕಿಗೆ ಸೊಂಟ ನೋವು, ನಮ್ಮನ್ನು ನೆನೆಸಿಕೊಳ್ಳಲಿ ಎಂದು ಪಡಸಾಲೆಯನ್ನೂ ನುಣ್ಣಗೆ ಸಾರಿಸಿದೆ. ನೆನೆಸಿಕೊಂಡರು, ಆದರೆ ನಾನಂದುಕೊಂಡ ಹಾಗಲ್ಲ.

ಗಾಡಿಗೆ ಸಾಮಾನು ಹೇರುತ್ತಿದ್ದಾಗ ಬೀಬಮ್ಮ ಬಂದರು. ಒಳಗೆ ಕಾಲಿಟ್ಟವರು ಹಾಗೇ ಹಿಂದೆ ಸರಿದರು.

"ಇದೇನ್ ಮಾಡಿದ್ಯವ್ವ ಶಂಕ್ರಮ್ಮ? ನಾ ನಮಾಜ್ ಮಾಡೋ ಜಾಗ ಇದು."

ಊರಿನಲ್ಲಿ ಸಗಣಿ ಸಾರಿಸುವ ಮುಸ್ಲಿಮರ ಮನೆಗಳೂ ಇದ್ದವು. ಬೀಬಮ್ಮ ಮಾತ್ರ ನಮಾಜಿನ ಜಾಗಕ್ಕೆ ಕೆಮ್ಮಣ್ಣು ಬಿಟ್ಟು ಬೇರೇನೂ ಮುಟ್ಟಿಸುತ್ತಿರಲಿಲ್ಲ. ಬಾಗಿಲು ಹಾಕಿಕೊಂಡು ತಾವೇ ಬಳಿಯುತ್ತಿದ್ದುದರಿಂದ ನನಗದು ಗೊತ್ತೇ ಇರಲಿಲ್ಲ. ಅವರು ಬೈಯಲಿಲ್ಲ. ಸೆರಗಿನ ಗಂಟು ಬಿಚ್ಚಿ ಏಳು ರೂಪಾಯಿ ಕೊಟ್ಟರು.

"ಮೂರು ಮುರ್ಕೊಂಡೀನಿ. ಮ್ಯಾಲಿನ ಮಣ್ಣು ಕೆರಿಸಿ, ಹೊಸಾದು ಹಾಕಿಸಿ ಸ್ವಚ್ಛ ಮಾಡಸಬೇಕು. ಆಳಿಗೆ ಕೊಡಬೇಕಲ್ಲ."

"ಸ್ವಚ್ಛ ಮಾಡಿದಾಕಿನ ನಾನು. ನನಗ ದಂಡ ಏನ್ರಿ?"

"ನಿನ್ನ ಲೆಕ್ಕದಾಗ ಸ್ವಚ್ಛ. ನನ್ನ ಲೆಕ್ಕದಾಗ ಅಲ್ಲ."

ಯಜಮಾನರ ಮುಖ ಇಳಿಯಿತು. ಮೂರು ರೂಪಾಯಿ ಕಡಿಮೆಯಾದರೆ ಸಿಂಧನೂರಿನ ಕೀಲಿ ಇಲ್ಲ. ನನಗೆ ಅದಕ್ಕಿಂತ ಹೆಚ್ಚು ಉರಿದದ್ದು, ಮನೆ ಹೊಲಸು ಮಾಡಿ ಹೋದವಳು ಅನ್ನಿಸಿಕೊಂಡೆನಲ್ಲ ಎಂದು.

"ಆಳು ಯಾಕ್ರಿ? ನಾನ ಕೆರೀತೀನಿ," ಎಂದು ಸೆರಗು ಸಿಕ್ಕಿಸಿದೆ.

ಗಾಡಿಯವನು ಗೊಣಗಿದ. ಯಜಮಾನರು ಮಗುವನ್ನೆತ್ತಿಕೊಂಡು ಬೇವಿನ ಗಿಡದ ಕೆಳಗೆ ಕೂತರು. ನಾನು ಕಳೆ ಕೀಳುವ ಕುರ್ಚಿಗಿ ಹಿಡಿದು ನೆಲ ಕೆರೆಯುತ್ತ ಹೋದೆ. ಸ್ವಲ್ಪ ಹೊತ್ತಿಗೆ ಬೀಬಮ್ಮ ಇನ್ನೊಂದು ಕುರ್ಚಿಗಿ ತಂದು ಎದುರಿಗೆ ಕೂತರು. ಕೆರೆದ ಮಣ್ಣನ್ನು ಅಂಗಳದಲ್ಲಿ ಸುರಿದು, ಕೈ ತೊಳೆದು, ಕೆಮ್ಮಣ್ಣು ಕಲಸಿ ಬಳಿದೆವು. ಮುಗಿಯುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಬೀಬಮ್ಮ ಉಳಿದ ಮೂರು ರೂಪಾಯಿಯನ್ನು ನನ್ನ ಕೈಗಿಟ್ಟು, ಮಗುವಿನ ಗಲ್ಲ ಸವರಿದರು.

ಗಾಡಿ ಹತ್ತಿ ತಿರುಗಿ ನೋಡಿದೆ. ಅಂಗಳದ ತುಂಬ ಎತ್ತು ತಿಂದು ಉಳಿಸಿದ ಸೊಪ್ಪೆ, ಹರಿದ ಚಾಪೆಯ ಚೂರು, ಕೆರೆದು ಹಾಕಿದ ಮಣ್ಣು. ಬೀಬಮ್ಮನ ಕೈಯಲ್ಲಿ ಆಗಲೇ ಕಸಬರಿಗೆ ಇತ್ತು. ಮಗಳನ್ನು ಅವುಚಿಕೊಂಡೆ. ಕೂಸನ್ನು ಕಟ್ಟಿಕೊಂಡು ಪ್ರಯಾಣ ಹೊರಟಿದ್ದೆವು. ಆದರೆ ಅಷ್ಟೆಲ್ಲ ಆದ ಮೇಲೆ ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಅವರು ನನ್ನ ಮುಖ ನೋಡಿದರು. ಕಸಬರಿಗೆಯನ್ನು ಗೋಡೆಗೆ ಒರಗಿಸಿ ಕಟ್ಟೆಯ ಮೇಲೆ ಕೂತುಬಿಟ್ಟರು.

"ನೀವು ಸಿಂಧನೂರು ಮುಟ್ಟೋತನಕ ನಾ ಇದನ್ನ ಮುಟ್ಟಂಗಿಲ್ಲ. ಹೋಗಿ ಬಾರವ್ವ," ಎಂದರು.

ಎತ್ತಿನ ಗಾಡಿಗೆ ಸಿಂಧನೂರು ಮುಟ್ಟಲು ಮರುದಿನ ಸಂಜೆಯಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಮಸ್ಕಿಯಲ್ಲಿ ತಂಗಿದಾಗ ಆ ಕಸ ಹಾಗೇ ಬಿದ್ದಿರುತ್ತದಲ್ಲ ಎಂದು ನೆನಪಾಗಿ ಅಳು ಬಂತು. ಯಜಮಾನರ ವರ್ಗದ ದೆಸೆಯಿಂದ ಆಮೇಲೆ ಎಷ್ಟೋ ಮನೆಗಳನ್ನು ಬಿಟ್ಟಿದ್ದೇನೆ. ನನಗಾಗಿ ಕಸ ಹೊಡೆಯದೆ ಕೂತವರು ಬೀಬಮ್ಮ ಒಬ್ಬರೇ.