ಅವಳ ಬಲಭುಜ, ನನ್ನ ಹೊಟ್ಟೆಯುರಿ

ಹುಣಸೂರಿನ ಬಸ್ ಸ್ಟ್ಯಾಂಡಿನ ಹತ್ತಿರ, ಔಷಧಿ ಅಂಗಡಿಯ ಮಹಡಿ ಮೇಲೆ ಒಂದು ಫಿಸಿಯೋಥೆರಪಿ ಕೋಣೆ ಇದೆ. ಅಲ್ಲಿಗೆ ನಾನು ತಪ್ಪದೆ ಹೆಂಡತಿಯ ಜೊತೆ ಹೋಗುತ್ತಿದ್ದುದನ್ನು ಊರಿನವರು ಮೆಚ್ಚಿ ಮಾತಾಡಿಕೊಂಡರು. ರಿಟೈರಾದ ಮೇಲೆ ಮೇಷ್ಟ್ರು ಹೆಂಡತಿಯನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು. ನಾನು ಹೋಗುತ್ತಿದ್ದುದು ಕಾವಲಿಗೆ. ಅವಳಿಗೆ ಬಲಭುಜ ನೋಯುತ್ತಿತ್ತು, ನನಗೆ ಹೊಟ್ಟೆ ಉರಿಯುತ್ತಿತ್ತು.

ನಮ್ಮೂರು ಹುಣಸೂರಿನಿಂದ ಕೆ.ಆರ್. ನಗರಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗಿದೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ, ಜಮೀನು ನೋಡುತ್ತಿದ್ದವಳು ಅವಳು. ಹೊಗೆಸೊಪ್ಪು ಮುರಿದು ತಂದ ದಿನ ಹೆಂಗಸರೆಲ್ಲ ಬ್ಯಾರನ್ ಮುಂದೆ ಸಾಲಾಗಿ ಕೂತು ಎಲೆಗಳನ್ನು ಕಡ್ಡಿಗೆ ಕಟ್ಟುತ್ತಾರೆ, ಆಮೇಲೆ ಆ ಕಡ್ಡಿಗಳನ್ನು ಬ್ಯಾರನ್ ಒಳಗೆ ತೂಗುಹಾಕಿ ಬೆಂಕಿಯ ಕಾವು ಕೊಟ್ಟು ಒಣಗಿಸುತ್ತೇವೆ. ಆ ವರ್ಷ ಕಡ್ಡಿ ಕಟ್ಟುವ ಕಾಲದಲ್ಲೇ ಅವಳ ಬಲಗೈ ಭುಜಕ್ಕಿಂತ ಮೇಲೆ ಏಳದಂತಾಯಿತು. ಕಟ್ಟಿ ಕಟ್ಟಿ ಹೀಗಾಗಿದೆ ಎಂದು ಎಲ್ಲರೂ ಅಂದರು. ನಾನೂ ಅಂದೆ.

ಮೈಸೂರಿನ ಮೂಳೆ ಡಾಕ್ಟರು ಸ್ಕ್ಯಾನಿಂಗ್ ನೋಡಿ, ಭುಜದೊಳಗಿನ ಒಂದು ನರದಂಥ ದಾರ ಸವೆದು ಸ್ವಲ್ಪ ಹರಿದಿದೆ ಎಂದರು. ಮೊದಲು ವ್ಯಾಯಾಮ ಮಾಡಿಸಿ ನೋಡೋಣ, ಮೂರು ತಿಂಗಳಲ್ಲಿ ಕೈ ಏಳದಿದ್ದರೆ ತೂತು ಮಾಡಿ ಹೊಲಿಯಬೇಕಾಗುತ್ತದೆ ಎಂದರು. ವಾಪಸ್ ಬರುವ ಬಸ್ಸು ಬಿಳಿಕೆರೆ ದಾಟಿತು. ಆಮೇಲೆ, "ಆಪ್ರೇಸನ್ ಮಾತ್ರ ನನ್ನ ಕೈಲಾಗಾಕಿಲ್ಲ ಕಣ್ರೀ. ಕೈ ಇಂಗೇ ಇದ್ರೂ ಇರ್ಲಿ ಬುಡಿ" ಎಂದಳು. ನಾಗರಹೊಳೆ ಅಂಚಿನಲ್ಲಿ ಆನೆ ಎದುರಿಗೆ ಬಂದಾಗಲೂ ಹೆದರದವಳು. ಅವಳ ಕಣ್ಣಲ್ಲಿ ಆ ಹೆದರಿಕೆ ನೋಡಿ, ಹೇಗಾದರೂ ಮಾಡಿ ಇದನ್ನು ತಪ್ಪಿಸಬೇಕು ಎಂದು ನಿರ್ಧರಿಸಿದೆ. ತಪ್ಪಿಸುವವನು ನಾನೇ ಆಗಿರಬೇಕು ಎಂಬ ಆಸೆಯೂ ಇತ್ತು ಅನ್ನಿ.

ಆದರೆ ತಪ್ಪಿಸಲು ಬಂದವನು ಮಹಡಿ ಮೇಲೆ ವ್ಯಾಯಾಮ ಮಾಡಿಸುವ ಹುಡುಗ. ಹುಡುಗ ಎಂದರೆ ಮೂವತ್ತು ದಾಟಿದವನು, ಕೇರಳದ ಗಡಿಯ ಕುಟ್ಟದ ಕಡೆಯವನು. ಮಲಯಾಳದ ರಾಗವಿದ್ದ ಕನ್ನಡ. ಉಗುರು ಅಷ್ಟು ಚೊಕ್ಕಟವಾಗಿಟ್ಟುಕೊಂಡ ಗಂಡಸನ್ನು ನಾನು ನಂಬುವುದಿಲ್ಲ. ಮೊದಲ ದಿನ ಅವನು ಸ್ಕ್ಯಾನಿಂಗ್ ಕವರನ್ನು ಬಿಚ್ಚಲೂ ಇಲ್ಲ, ಪಕ್ಕಕ್ಕಿಟ್ಟ. ಅವಳ ಎದುರು ಸ್ಟೂಲ್ ಎಳೆದುಕೊಂಡು ಕೂತ. "ಹೇಳಿ ಅಮ್ಮ" ಎಂದ. ಅಷ್ಟೇ. ಅವಳು ಹೇಳತೊಡಗಿದಳು.

ಏನೆಲ್ಲ ಹೇಳಿದಳು. ಬಲಮಗ್ಗುಲಾದರೆ ಎಚ್ಚರವಾಗುತ್ತದೆ. ರವಿಕೆಯ ತೋಳಿಗೆ ಮೊದಲು ನೋವಿರುವ ಕೈ ಹಾಕಿ ಆಮೇಲೆ ಇನ್ನೊಂದು ಕೈ ಹಾಕಬೇಕು. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲಾಗದೆ ಸೀಟಿನ ಬೆನ್ನಿಗೆ ಒರಗಿ ನಿಲ್ಲುತ್ತಾಳೆ. "ಜಡೆ ಹಾಕ್ಕೊಳ್ಳೋದು?" ಎಂದು ಅವನು ಕೇಳಿದ.

"ಜಡೆ ಎಲ್ಲಿ ಬಂತಪ್ಪ. ನಾಕು ತಿಂಗ್ಳಾಯ್ತು. ಪಕ್ಕದ್ಮನೆಯವಳು ಬಂದು ತುರುಬು ಸುತ್ತಿ ಓಯ್ತಾಳೆ" ಎಂದಳು.

ನಾನು ಅಲ್ಲೇ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದೆ. ಪಕ್ಕದ ಮನೆಯವಳು ಬೆಳಗ್ಗೆ ಹಿತ್ತಿಲ ಕಡೆಯಿಂದ ಬಂದು ಹೋಗುವುದನ್ನು ನೋಡಿದ್ದೆ, ಹರಟೆಗೆ ಎಂದುಕೊಂಡಿದ್ದೆ. ನನಗೆ ಹೇಳದ್ದನ್ನು ಇವಳು ಮುಖಪರಿಚಯವಿಲ್ಲದವನ ಮುಂದೆ ಸೆರಗಿನ ಗಂಟು ಬಿಚ್ಚಿದ ಹಾಗೆ ಬಿಚ್ಚುತ್ತಿದ್ದಳು. ನನಗೆ ಕೆಂಡದಂಥ ಕೋಪ ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಫ್ಯಾನಿನ ಸದ್ದಿನ ಮೇಲೆ ತೀರಿಸಿಕೊಂಡೆ, "ಇದನ್ನ ರಿಪೇರಿ ಮಾಡಿಸಬಾರದೇನ್ರೀ?" ಎಂದೆ.

ಅವನು ಅವಳ ಮೊಣಕೈ ಕೆಳಗೆ ತನ್ನ ಅಂಗೈ ಇಟ್ಟು, ಕೈಯನ್ನು ಪಕ್ಕಕ್ಕೆ ನಿಧಾನವಾಗಿ ಎತ್ತಿದ. ಒಂದು ಮಟ್ಟದಲ್ಲಿ ಅವಳ ಹುಬ್ಬು ಗಂಟಾಯಿತು. ಇನ್ನೂ ಮೇಲೆ ಹೋದಾಗ ಹುಬ್ಬು ಸಡಿಲವಾಯಿತು. "ನಡುವೆ ಮಾತ್ರ ನೋವು ಅಲ್ಲವಾ ಅಮ್ಮ?" ಎಂದ. ಆಮೇಲೆ ಕೈಯನ್ನು ಕೆಳಕ್ಕೆ ಒತ್ತಿ, ತಡೆಯಲು ಹೇಳಿದ. ತಡೆದಳು. ನೋವಿದ್ದರೂ ಬಲ ಪೂರ್ತಿ ಹೋಗಿಲ್ಲ, ಹರಿದದ್ದು ಚೂರು, ಆಪರೇಷನ್ ಇಲ್ಲದೆ ದಾರಿ ಇದೆ ಎಂದ. ಅವಳು ಅವನನ್ನು ನೋಡಿ ನಕ್ಕಳು. ನಾನು ಮನೆ ಕಟ್ಟಿಸಿಕೊಟ್ಟಾಗಲೂ ಅವಳು ಹಾಗೆ ನಕ್ಕಿರಲಿಲ್ಲ.

ಆ ಮನೆಯ ಮಾತೇ ಮುಂದೆ ಬಂತು. ಕಡ್ಡಿ ಕಟ್ಟುವುದನ್ನು ಮಾಡಿ ತೋರಿಸಿ ಎಂದು ಅವನು ಕೇಳಿದ. ಅವಳು ಗಾಳಿಯಲ್ಲೇ ಎಲೆ ಇಟ್ಟು ದಾರ ಸುತ್ತಿ ತೋರಿಸಿದಳು. ಕೈ ಮಡಿಲಿನ ಮಟ್ಟದಲ್ಲೇ ಆಡಿತು. ಅವನು ತಲೆ ಅಲ್ಲಾಡಿಸಿದ. ಇದಕ್ಕೆ ಭುಜ ಸವೆಯುವುದಿಲ್ಲ, ದಿನಾ ಬೇರೇನು ಮಾಡುತ್ತೀರಿ ಎಂದ. "ಇನ್ನೇನಪ್ಪ, ಎರಡೊತ್ತೂ ಇಟ್ಟು ತಿರುವೋದು" ಎಂದಳು. ನಮ್ಮ ಕಡೆ ಇಟ್ಟು ಎಂದರೆ ರಾಗಿಮುದ್ದೆ. ನನಗೆ ಬಿಸಿ ಮುದ್ದೆಯೇ ಆಗಬೇಕು, ಎರಡು ಹೊತ್ತೂ. ಅವನು ಒಂದು ಬಕೆಟ್ಟನ್ನು ಮೇಜಿನ ಮೇಲಿಟ್ಟು, ಕೈಗೆ ಕೋಲು ಕೊಟ್ಟ. ಅವಳು ಹಿಮ್ಮಡಿ ಎತ್ತಿ ನಿಂತು, ಮೊಣಕೈಯನ್ನು ಭುಜದ ಮಟ್ಟಕ್ಕೆ ತಂದು ತಿರುವಿದಳು.

"ಅಡುಗೆಮನೆ ಕಟ್ಟೆ ಇಷ್ಟೇ ಎತ್ತರವಾ?"

"ಮೂರಡಿ" ಎಂದೆ ನಾನು. "ಗ್ರಾನೈಟ್. ನಾನೇ ನಿಂತು ಕಟ್ಟಿಸಿದ್ದು."

ಕಟ್ಟೆಯ ಮೇಲೆ ಒಲೆ, ಒಲೆಯ ಮೇಲೆ ಪಾತ್ರೆ, ಅಮ್ಮ ಗಿಡ್ಡ, ಮುದ್ದೆ ಗಟ್ಟಿ, ದಿನಕ್ಕೆ ಎರಡು ಸಲ ಕೈ ಮೇಲೆತ್ತಿಯೇ ಬಲ ಹಾಕಬೇಕು ಎಂದು ಅವನು ಲೆಕ್ಕ ಒಪ್ಪಿಸಿದ. ಗಣಿತದ ಮೇಷ್ಟ್ರಿಗೆ. ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ನೆಲಕ್ಕಿಳಿಸಿ, ಮಣೆ ಮೇಲೆ ಕೂತು, ಪಾತ್ರೆ ಜಾರದಂತೆ ಕವೆಗೋಲನ್ನು ಪಾದದಿಂದ ಒತ್ತಿಹಿಡಿದು ತಿರುವಿದರೆ ಮೈಭಾರವೇ ಕೆಲಸ ಮಾಡುತ್ತದೆ ಎಂದ. "ನಮ್ಮವ್ವ ಮಿರ್ಲೆಯಲ್ಲಿ ಅಂಗೇ ತಿರುವ್ತಿದ್ದದ್ದು" ಎಂದಳು ಅವಳು. "ಈಗ ನಾನು ನೆಲದ ಮೇಲೆ ಕೂತ್ರೆ ಮೇಷ್ಟ್ರ ಮರ್ವಾದಿ ಓಯ್ತದೆ ಕಣಪ್ಪ." ಇಬ್ಬರೂ ನಕ್ಕರು. ನಾನೂ ಹಲ್ಲು ಕಿರಿದೆ.

ಅಲ್ಲಿಂದ ನಮ್ಮ ಮನೆಯಲ್ಲಿ ಅವನದೇ ದರ್ಬಾರು. ಮುದ್ದೆ ನೆಲಕ್ಕಿಳಿಯಿತು. ಕಿಟಕಿಯ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿ, ಕಂಕುಳಲ್ಲಿ ಸುರುಳಿ ಸುತ್ತಿದ ಟವೆಲ್ ಇಟ್ಟುಕೊಂಡು ಎಳೆಯುವಳು. ಬೆರಳುಗಳನ್ನು ಗೋಡೆಯ ಮೇಲೆ ನಡೆಸಿ, ಎಲ್ಲಿಗೆ ಮುಟ್ಟಿತೋ ಅಲ್ಲಿ ಪೆನ್ಸಿಲ್ ಗೀಟು ಹಾಕುವಳು. ನೀರು ಕಾಯಿಸಲೂ ಅವನ ಅಪ್ಪಣೆ, ದಿಂಬು ಇಡಲೂ ಅವನ ಅಪ್ಪಣೆ. "ಆ ಹುಡುಗ ಏಳವ್ನೆ" ಎಂದರೆ ಮುಗಿಯಿತು. ನಾನು ಮೂವತ್ತಕ್ಕೂ ಹೆಚ್ಚು ವರ್ಷ ಹೇಳಿದ್ದರಲ್ಲಿ ಅವಳು ಇಷ್ಟು ಶ್ರದ್ಧೆಯಿಂದ ಕೇಳಿದ್ದು ಯಾವುದೆಂದು ಯೋಚಿಸಿದರೆ ಒಂದೂ ಹೊಳೆಯಲಿಲ್ಲ.

ಒಂದು ಸಂಜೆ ನಾನೇ ಎಣ್ಣೆ ಬೆಚ್ಚಗೆ ಮಾಡಿಕೊಂಡು ಹೋಗಿ ಅವಳ ಭುಜ ನೀವತೊಡಗಿದೆ. ಅವಳು, "ಅಲ್ಲಲ್ಲ, ಇಂದಕ್ಕೆ. ಆ ಹುಡುಗ ಇಡಿಯೋದು ಇಲ್ಲಿ" ಎಂದು ನನ್ನ ಹೆಬ್ಬೆರಳನ್ನು ಎತ್ತಿ ಸರಿಯಾದ ಜಾಗಕ್ಕೆ ಇಟ್ಟಳು. ಎಣ್ಣೆ ಬಟ್ಟಲನ್ನು ಅಲ್ಲೇ ಕುಕ್ಕಿ ಎದ್ದು ಹೋದೆ. ಸೊಗಡು ಅವರೆ ಬಂದ ಕಾಲದಲ್ಲಂತೂ ಅವಳು ಕಾಳು ಸುಲಿದು, ನಾನು ಸ್ಕೂಲಿಗೆ ಒಯ್ಯುತ್ತಿದ್ದ ಕ್ಯಾರಿಯರ್ ತುಂಬ ಅವನಿಗೆ ಹುಳಿ ಮಾಡಿಕೊಂಡು ಹೋದಳು. ಮಹಡಿಯ ಮೆಟ್ಟಿಲು ಹತ್ತಿ ಅದನ್ನು ಹೊತ್ತವನು ನಾನು.

ಗೋಡೆಯ ಗೀಟುಗಳು ಮೇಲೇರಿದವು. ಒಂದು ಬೆಳಗ್ಗೆ ಎದ್ದು ನೋಡಿದರೆ ಅವಳು ಕನ್ನಡಿ ಮುಂದೆ ನಿಂತು ಎರಡೂ ಕೈ ಹಿಂದಕ್ಕೆ ಹಾಕಿ ಜಡೆ ಹೆಣೆಯುತ್ತಿದ್ದಳು. ಆ ಹೊತ್ತು ನನಗೆ ಯಾರ ಮೇಲೂ ಹೊಟ್ಟೆಕಿಚ್ಚಿರಲಿಲ್ಲ. ಬಾಗಿಲಲ್ಲೇ ನಿಂತು ನೋಡಿದೆ, ಕಣ್ಣು ತುಂಬಿತು. ಮೈಸೂರಿನ ಡಾಕ್ಟರೂ ಕೈ ಎತ್ತಿಸಿ ನೋಡಿ, ಇನ್ನು ಹೊಲಿಯುವ ಮಾತಿಲ್ಲ, ವ್ಯಾಯಾಮ ಬಿಡಬೇಡಿ ಎಂದರು. ಹುಣಸೂರಿನ ಮಹಡಿಯ ಋಣ ತೀರಿತು ಎಂದು ನಾನು ಒಳಗೊಳಗೇ ಹಿಗ್ಗಿದೆ.

ಒಂದು ಸಲ ಹೋಗಿ ಹೇಳಿಬರಬೇಕು ಎಂದು ಅವಳು ಹಟ ಹಿಡಿದಳು. ಹೋದೆವು. ಅವನು ಅವಳ ಕೈ ಎತ್ತಿಸಿ ನೋಡಿ ಖುಷಿಪಟ್ಟ. ಹೊರಡಬೇಕು, ಅಷ್ಟರಲ್ಲಿ ಅವಳು, "ಇವರ ಎಡಗಾಲ ಮಂಡಿ ಒಂಚೂರು ನೋಡಪ್ಪ" ಎಂದಳು.

"ನನ್ನ ಮಂಡಿಗೇನಾಗಿದೆ?" ಎಂದೆ. "ಕಲ್ಲುಗುಂಡು."

ಅವನು ನನ್ನ ಮುಂದೆಯೂ ಸ್ಟೂಲ್ ಎಳೆದುಕೊಂಡು ಕೂತ. "ಹೇಳಿ ಸಾರ್" ಎಂದ. ಹೇಳಲು ಏನೂ ಇಲ್ಲ ಎಂದೆ. ಅವಳು ಶುರುಮಾಡಿದಳು. ಇಳಿಯುವಾಗ ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಇಳಿಯುತ್ತಾರೆ, ಯಾರಾದರೂ ನೋಡಿದರೆ ಫೋನ್ ತೆಗೆದು ನಿಂತುಬಿಡುತ್ತಾರೆ. ಸ್ಕೂಟರ್ ಸ್ಟ್ಯಾಂಡ್ ಹಾಕುವಾಗ ತುಟಿ ಕಚ್ಚುತ್ತಾರೆ. ಮಳೆ ಹಿಡಿದರೆ ಹಾಸಿಗೆಯಲ್ಲೇ ಕಾಲು ಹತ್ತು ಸಲ ಮಡಿಸಿ ಬಿಡಿಸಿ ಆಮೇಲೆ ಏಳುತ್ತಾರೆ. ಊಟಕ್ಕೆ ಮೇಜು ಮಾಡಿಸಿದ್ದು ನೆಲದಿಂದ ಏಳಲಾಗದೆ, ಊರಿಗೆ ಹೇಳಿದ್ದು ನೆಂಟರಿಗೆ ಅನುಕೂಲ ಎಂದು. ಒಂದೂ ಸುಳ್ಳಲ್ಲ. ಅವನು ಬರೆದುಕೊಳ್ಳುತ್ತಿದ್ದ. ನನ್ನ ಹೊಟ್ಟೆಯುರಿ ಅವನನ್ನು ಬಿಟ್ಟು ಅವಳ ಕಡೆ ತಿರುಗಿತು. ನನ್ನ ಬಗ್ಗೆ ಇಷ್ಟನ್ನೆಲ್ಲ ಕೂಡಿಟ್ಟುಕೊಂಡು ಇವಳು ಎಷ್ಟು ಶ್ರೀಮಂತಳಾಗಿ ನನ್ನ ಪಕ್ಕ ಓಡಾಡಿಕೊಂಡಿದ್ದಳು.

"ನಿನಗೆ ಯಾವತ್ತು ಹೇಳಿದ್ದೆನೇ ಇದನ್ನೆಲ್ಲ?" ಎಂದೆ.

"ನೀವ್ಯಾಕೆ ಏಳ್ಬೇಕು? ಒಂದೇ ಮನೇಲಿ ಇದೀವಲ್ಲ" ಎಂದಳು. ಚುಚ್ಚಿ ಆಡಿದ ಮಾತಲ್ಲ ಅದು. ಹಾಗೆ ಆಡಿದ್ದರೆ ನಾನು ತಿರುಗಿ ಏನಾದರೂ ಅನ್ನಬಹುದಿತ್ತು.

ಅವನು ನನ್ನ ಪ್ಯಾಂಟು ಮಡಿಸಿ, ಮಂಡಿಚಿಪ್ಪಿನ ಪಕ್ಕ ಹೆಬ್ಬೆರಳು ಒತ್ತಿದ. ಪ್ರಾಣ ಹೋದಂತಾಯಿತು. "ಇಲ್ಲಿ ನೋವಿದೆಯಾ ಸಾರ್?" ಎಂದ. ಇಲ್ಲ ಎಂದೆ. ಅವನು ನನ್ನ ಮಾತು ಕೇಳಿಸಿಕೊಳ್ಳದವನ ಹಾಗೆ ತಲೆ ಎತ್ತಿ ಅವಳ ಮುಖ ನೋಡಿದ. ಅವಳು ಹೂಂ ಎಂದಳು.