ಉತ್ತರದ ಗೋಡೆಯಾಚೆ

ಪಕ್ಕದ ಮನೆಯ ಐರಿಶ್ ಆಂಟಿ ಮಾತಿಗೆ ಕೂತರೆ ಒಲೆಯ ಮೇಲೆ ಹಾಲು ಉಕ್ಕಿದರೂ ಏಳುತ್ತಿರಲಿಲ್ಲ. ಎಳೆಯ ವಯಸ್ಸಿನಲ್ಲೇ ಹಡಗು ಹತ್ತಿ ಬಂದು, ನಾನೀಗ ಇರುವ ಈ ಪಾಮರ್ಸ್ಟನ್ ನಾರ್ತ್ ಊರಿನಲ್ಲೇ ಮುದುಕಿಯಾದವರು. ಆದರೆ ಅವರ ಮಾತೆಲ್ಲ ಸುತ್ತಿ ಸುತ್ತಿ ಹುಟ್ಟೂರಿನ ಸ್ಮಶಾನಕ್ಕೇ ಬಂದು ನಿಲ್ಲುತ್ತಿತ್ತು. ಮೈಸೂರಿನಿಂದ ಬಂದಿದ್ದ ಅಮ್ಮನಿಗೆ ಅದು ಸೋಜಿಗ. "ಸಂಜೆ ಹೊತ್ತು ಆಡೋ ಮಾತಾ ಇದು?" ಎನ್ನುತ್ತಲೇ ಕೇಳುತ್ತಿದ್ದಳು. ಅವಳಿಗೆ ಇಂಗ್ಲಿಷ್ ಬಾರದು, ನಡುವೆ ದುಭಾಷಿ ನಾನು.

ಆವತ್ತು ಆಂಟಿ ತಮ್ಮ ಹಿತ್ತಲಿನ ಬ್ರಾಡ್ ಬೀನ್ಸ್ ತಂದುಕೊಟ್ಟಿದ್ದರು. ಅವರೆಕಾಯಿಯ ದಾಯಾದಿ ಎಂದು ಅಮ್ಮ ಕಾಳನ್ನು ನೆನೆಹಾಕಿದ್ದಳು. ಮೂವರೂ ಹಿಂದಿನ ಮೆಟ್ಟಿಲ ಮೇಲೆ ಕೂತು ಹಿದುಕತೊಡಗಿದೆವು. ಆಂಟಿ ಶುರುಮಾಡಿದರು. ಮೊದಲು ಸನ್ಯಾಸಿಗಳು ಆ ಸ್ಮಶಾನದ ಜಾಗದಲ್ಲಿ ಮರದ ಪುಟ್ಟ ಚರ್ಚು ಕಟ್ಟಿದ್ದರಂತೆ. ಅದು ಹೋಗಿ ಕಲ್ಲಿನದು ಬಂತು. ಯಾವ ಕಾಲದಲ್ಲೋ ಅದರ ಚಾವಣಿ ಕುಸಿದು ಪ್ರಾರ್ಥನೆ ನಿಂತಿತು, ಹೂಳುವುದು ಮಾತ್ರ ನಿಲ್ಲಲಿಲ್ಲ. ಊರಿನ ಸತ್ತವರಿಗೆಲ್ಲ ಆ ಮುರುಕು ಗೋಡೆಗಳ ಪಕ್ಕದಲ್ಲೇ ಜಾಗ ಬೇಕು. ಆದರೆ ಪಾದ್ರಿಯ ದೀಕ್ಷಾಸ್ನಾನದ ನೀರು ತಲೆಗೆ ಬೀಳುವ ಮುಂಚೆ ಕಣ್ಣುಮುಚ್ಚಿದ ಕೂಸುಗಳಿಗೆ ಒಳಗೆ ಜಾಗವಿರಲಿಲ್ಲ. ಅವನ್ನು ಉತ್ತರದ ಗೋಡೆಯಾಚೆ ಹೂಳಬೇಕು. ಹೆಸರಿಲ್ಲ, ಶಿಲುಬೆಯಿಲ್ಲ. ಅಪ್ಪನೊಬ್ಬನೇ ಹೋಗಿ ಬರಬೇಕು, ಹೆತ್ತವಳು ಹೋಗುವಂತಿಲ್ಲ.

ಆಂಟಿಯ ತಮ್ಮ ಹುಟ್ಟಿದ ದಿನವೇ ತೀರಿಕೊಂಡಿದ್ದ. ಪುಟ್ಟ ಹುಡುಗಿಯಾಗಿದ್ದ ಅವರು ಅಪ್ಪನ ಹಿಂದೆ ಕದ್ದು ಹೋಗಿ, ಮುಳ್ಳುಗಿಡದ ಬುಡದಲ್ಲಿ ಅಪ್ಪ ಹೂತು ಬಿಳಿ ಕಲ್ಲೊಂದನ್ನಿಟ್ಟಿದ್ದನ್ನು ನೋಡಿದ್ದರು. ಮನೆಗೆ ಬಂದು ತಾಯಿಯ ಕಿವಿಯಲ್ಲಿ ಹೇಳಿದ್ದರು. ತಾಯಿ ಬದುಕಿರುವವರೆಗೂ ಯಾವುದೋ ನೆಪ ಮಾಡಿಕೊಂಡು ಆ ಗಿಡದ ಹತ್ತಿರ ಹೋಗಿಬರುತ್ತಿದ್ದಳಂತೆ. "ಈಗ ಅದು ಗೊತ್ತಿರುವುದು ನನಗೊಬ್ಬಳಿಗೇ. ಒಂದು ಸಲ ಹೋಗಿ ನೋಡಬೇಕು, ಆದರೆ ಈ ಮಂಡಿ ಬಿಡಬೇಕಲ್ಲ" ಎಂದರು ಆಂಟಿ.

ಕನ್ನಡಕ್ಕೆ ತಿರುಗಿಸಿ ಹೇಳಿದೆ. ಅಮ್ಮನ ಕೈ ನಿಂತಿತು.

"ಎಲ್ಲಿ ಅಂತ ಇವ್ರಿಗೆ ಗೊತ್ತಾ?"

"ಗೊತ್ತಂತಮ್ಮ."

"ಅವರಮ್ಮ ಪುಣ್ಯವಂತೆ ಕಣೇ."

ನನಗಿಂತ ಮುಂಚೆ ಒಂದು ಗಂಡುಕೂಸು ಹುಟ್ಟಿ ಹೋಗಿತ್ತು ಎಂಬುದು ನನಗೆ ಗೊತ್ತಿತ್ತು, ಅಷ್ಟೇ. ನಮ್ಮಲ್ಲೂ ಹಸುಗೂಸನ್ನು ಸುಡುವುದಿಲ್ಲ, ಹೂಳುತ್ತಾರೆ. ತಿಥಿಯಿಲ್ಲ, ಎಡೆಯಿಲ್ಲ, ಹೆಂಗಸರು ಹೋಗುವ ಹಾಗಿಲ್ಲ. ಅಪ್ಪ ಟವೆಲಿನಲ್ಲಿ ಸುತ್ತಿಕೊಂಡು ಹೋದರಂತೆ, ಬಂದು ಸ್ನಾನ ಮಾಡಿ ಮೂಲೆಯಲ್ಲಿ ಕೂತರಂತೆ. ಎಲ್ಲಿ ಎಂದು ಅಮ್ಮನಿಗೆ ಇವತ್ತಿಗೂ ತಿಳಿಯದು. ಹೆತ್ತವಳನ್ನೇ ಹೊರಗಿಡುವ ಶಾಸ್ತ್ರಕ್ಕಿಷ್ಟು ಬೆಂಕಿ ಹಾಕಬೇಕು ಅನ್ನಿಸಿತು. ಆ ಸಿಟ್ಟನ್ನು ಪಾಪ, ಅವಳ ಮೇಲೇ ತೀರಿಸಿಕೊಂಡೆ.

"ಅಪ್ಪ ಇದ್ದಾಗ ಒಂದು ಮಾತು ಕೇಳಬಾರದಿತ್ತಾ?"

"ಅವರೇ ಹೇಳ್ತಾರೆ ಅಂತ ನಾನು ಕಾದೆ. ನಾನು ಕೇಳ್ಲಿ ಅಂತ ಅವರು ಕಾದ್ರೋ ಏನೋ. ಹಂಗೇ ಅವರೂ ಹೋಗ್ಬಿಟ್ರು."

ಏನಂದರು ಎಂದು ಆಂಟಿ ಕೇಳಿದರು. ಹೇಳಿದೆ. ಅವರು ಅಮ್ಮನ ಮುಂದಿದ್ದ ಕಾಳನ್ನೂ ತಮ್ಮತ್ತ ಎಳೆದುಕೊಂಡು ಹಿದುಕತೊಡಗಿದರು.

ಈ ಚಳಿಗಾಲದಲ್ಲಿ ಆಂಟಿ ತೀರಿಕೊಂಡರು. ಊರಿಗೆ ಹೋಗಲು ಆಗಲೇ ಇಲ್ಲ. ಮಕ್ಕಳು ಇಲ್ಲೇ ದಹನ ಮಾಡಿಸಿದರು. ಮೈಸೂರಿಗೆ ಹಿಂತಿರುಗಿದ್ದ ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

"ಅವರ ತಮ್ಮನ ಜಾಗ ಇನ್ನು ಯಾರಿಗೂ ಗೊತ್ತಿಲ್ಲ, ಅಲ್ವಾ?"

"ನಮಗೆ ಗೊತ್ತಲ್ಲಮ್ಮ. ಉತ್ತರದ ಗೋಡೆ, ಮುಳ್ಳುಗಿಡ, ಬಿಳಿ ಕಲ್ಲು."

"ಹೂಂ," ಎಂದಳು. "ಬೇರೆಯವರ ಮಗು ಎಲ್ಲಿ ಮಲಗಿದೆ ಅಂತ ಗೊತ್ತಾಯ್ತು ನೋಡು ನನಗೆ."